ಮನೆಯ ಅಚ್ಚಿನ ಮೇಜು ಮತ್ತು ಎರಡು ಕೂಲಿಯ ಲೆಕ್ಕ

(ಸಂಘದ ಸದಸ್ಯರ ಸಭೆಯಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣ)



ಮನೆಯಲ್ಲೇ ಕೈಯಿಂದ ಸ್ಕ್ರೀನ್ ಪ್ರಿಂಟಿಂಗ್ ಮಾಡಿ ಬದುಕುವ ಗಂಡ-ಹೆಂಡಿರ ಕಸುಬಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಭಾಷಣ ಮಾಡುವುದು ನನ್ನ ಕೆಲಸವಲ್ಲ. ನಾನೂ ನಮ್ಮ ಮನೆಯವರೂ ಡೊಂಬಿವಲಿಯಲ್ಲಿ ಈ ಕಸುಬು ನಡೆಸಿಕೊಂಡು ಬಂದವರು. ಆದ್ದರಿಂದ ಪುಸ್ತಕದ ಮಾತಿಗಿಂತ ಮೇಜಿನ ಮಾತನ್ನೇ ಹೆಚ್ಚಾಗಿ ಹೇಳುತ್ತೇನೆ. ನಾನು ಹೇಳಬೇಕಾದದ್ದು ಒಂದೇ ಸಂಗತಿ: ಇಬ್ಬರು ದುಡಿಯುವ ಕಸುಬಿನಲ್ಲಿ ಇಬ್ಬರ ಕೂಲಿಯೂ ಲೆಕ್ಕಕ್ಕೆ ಬರಬೇಕು. ಕೇಳುವುದಕ್ಕೆ ಇದು ಬಹಳ ಸುಲಭ. ಆದರೆ ಎಷ್ಟು ಮನೆಗಳ ಲೆಕ್ಕದ ಪುಸ್ತಕದಲ್ಲಿ ಅದು ಇದೆ ಎಂದು ಹುಡುಕಿ ನೋಡಿದರೆ ನಮಗೇ ನಾಚಿಕೆಯಾದೀತು.

ಮೊದಲು ಕಸುಬು ಏನೆಂಬುದನ್ನು ತಿಳಿಯದವರಿಗಾಗಿ ಹೇಳಿಬಿಡುತ್ತೇನೆ. ರಂಗೋಲಿ ಹಾಕುವ ತೂತಿನ ತಟ್ಟೆಯನ್ನು ಎಲ್ಲರೂ ನೋಡಿದ್ದೀರಿ. ತೂತು ಇರುವಲ್ಲಿ ಪುಡಿ ಇಳಿಯುತ್ತದೆ, ಇಲ್ಲದಲ್ಲಿ ಇಳಿಯುವುದಿಲ್ಲ. ನಮ್ಮ ಕಸುಬಿನ ತತ್ವವೂ ಇಷ್ಟೇ. ಮರದ ಚೌಕಟ್ಟಿಗೆ ಸಣ್ಣ ಕಣ್ಣುಗಳ ಜಾಲರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತೇವೆ. ಬೆಳಕು ಬಿದ್ದರೆ ಗಟ್ಟಿಯಾಗುವ ಒಂದು ಲೇಪವನ್ನು, ಅಂದರೆ ಇಮಲ್ಶನ್ನನ್ನು, ಕತ್ತಲೆಯಲ್ಲಿ ಅದಕ್ಕೆ ಬಳಿದು ಒಣಗಿಸುತ್ತೇವೆ. ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಮೂಡಿಸಿದ ಚಿತ್ರವನ್ನು ಅದರ ಮೇಲಿಟ್ಟು ಬೆಳಕು ತೋರಿಸುತ್ತೇವೆ. ಕಪ್ಪಿನ ಅಡಿಯಲ್ಲಿದ್ದ ಲೇಪಕ್ಕೆ ಬೆಳಕು ತಾಗದ ಕಾರಣ ಅದು ನೀರಿಗೆ ತೊಳೆದುಹೋಗುತ್ತದೆ, ಉಳಿದದ್ದು ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ತೂತಿನ ತಟ್ಟೆ ಸಿದ್ಧವಾಯಿತು. ಮೇಲೆ ಬಣ್ಣ ಸುರಿದು ರಬ್ಬರಿನ ಸ್ಕ್ವೀಜಿಯಿಂದ ಒಮ್ಮೆ ಎಳೆದರೆ ಕೆಳಗಿನ ಕಾಗದಕ್ಕೋ ಬಟ್ಟೆಗೋ ಚಿತ್ರ ಇಳಿಯುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನು. ಎರಡು ಬಣ್ಣವಾದರೆ ಎರಡು ಸ್ಕ್ರೀನು, ಎರಡು ಸಲ ಎಳೆಯುವುದು. ಎರಡನೆಯದು ಮೊದಲನೆಯದರ ಮೇಲೆ ಕೂದಲೆಳೆಯಷ್ಟೂ ಸರಿಯದಂತೆ ಕೂರಬೇಕು.

1907ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ಎಂಬಾತ ರೇಷ್ಮೆ ಪರದೆಯ ಮುದ್ರಣಕ್ಕೆ ಪೇಟೆಂಟು ಪಡೆದ. ಮೊದಮೊದಲು ಈ ಕೆಲಸಕ್ಕೆ ಬಳಸಿದ ರೇಷ್ಮೆ ಬಟ್ಟೆ ಹಿಟ್ಟಿನ ಗಿರಣಿಗಳಲ್ಲಿ ಹಿಟ್ಟನ್ನು ಜರಡಿ ಹಿಡಿಯುವುದಕ್ಕಾಗಿ ನೇಯ್ದದ್ದು. ಈಗ ರೇಷ್ಮೆ ಹೋಗಿ ಪಾಲಿಯೆಸ್ಟರ್ ಬಂದಿದೆ. ಚೀಲಕ್ಕೂ ಟೀ-ಶರ್ಟಿಗೂ ಸೆಂಟಿಮೀಟರಿಗೆ ಸುಮಾರು 40ರಿಂದ 55 ಎಳೆಗಳ ದೊಡ್ಡ ಕಣ್ಣಿನ ಜಾಲರಿ ಸಾಕು. ಲಗ್ನಪತ್ರಿಕೆಯ ಸಣ್ಣ ಅಕ್ಷರಕ್ಕೆ 90ರಿಂದ 120 ಎಳೆಗಳದ್ದು ಬೇಕು. 1962ರಲ್ಲಿ ಅಮೆರಿಕದ ಆಂಡಿ ವಾರ್ಹಾಲ್ ಎಂಬ ಕಲಾವಿದ ಇದೇ ವಿಧಾನದಿಂದ ಚಿತ್ರನಟಿ ಮರ್ಲಿನ್ ಮನ್ರೋಳ ಮುಖವನ್ನು ಮುದ್ರಿಸಿ ಜಗತ್ತಿಗೆಲ್ಲ ಹೆಸರಾದ. ನಾವು ಅದೇ ವಿಧಾನದಿಂದ ಹಾಲಿನ ಡೇರಿಯ ಚೀಲ ಮುದ್ರಿಸುತ್ತೇವೆ. ಸ್ಕ್ವೀಜಿಗೆ ಆ ಭೇದ ತಿಳಿಯದು.

ಈ ಕಸುಬು ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಪಟ್ಟಿಯಲ್ಲಿ ಬೇರೂರುವುದಕ್ಕೆ ಕಾರಣಗಳಿವೆ. 1853ರಲ್ಲಿ ಬೋರಿಬಂದರದಿಂದ ಥಾಣೆಗೆ ಬಂದ ರೈಲು ಮರುವರ್ಷವೇ ಕಲ್ಯಾಣ ಮುಟ್ಟಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ಥಾಣೆಯ ವಾಗ್ಳೆ ಎಸ್ಟೇಟು, ಥಾಣೆ-ಬೇಲಾಪುರ ರಸ್ತೆಯ ಪಟ್ಟಿ, ಡೊಂಬಿವಲಿ ಇಲ್ಲೆಲ್ಲ ಕಾರ್ಖಾನೆಗಳೆದ್ದವು. 1970ರಲ್ಲಿ ಸಿಡ್ಕೋ ಬಂದು ಖಾಡಿಯಾಚೆ ಹೊಸ ನಗರವನ್ನೇ ಕಟ್ಟಲು ಹೊರಟಿತು. ಕಾರ್ಖಾನೆ ಇದ್ದಲ್ಲಿ ಪೆಟ್ಟಿಗೆಯ ಮೇಲೆ ಹೆಸರು ಬೇಕು, ಯಂತ್ರದ ಮೇಲೆ ಸೂಚನೆಯ ಫಲಕ ಬೇಕು, ಬಾಟಲಿಗೆ ಅಚ್ಚು ಬೇಕು. ರೇಡಿಯೋ, ಟೆಲಿವಿಷನ್ನುಗಳ ಒಳಗಿನ ಸರ್ಕ್ಯೂಟು ಹಲಗೆಯ ಮೇಲಿನ ಸಣ್ಣ ಅಕ್ಷರಗಳು ಕೂಡಾ ಈ ಜಾಲರಿಯಿಂದ ಇಳಿದವುಗಳೇ.

ಆಮೇಲೆ 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಆ ಕಥೆಯನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ. ಗಿರಣಗಾಂವಿನ ಖೋಲಿ ಬಿಟ್ಟು ಈ ಕಡೆಗೆ ಬಂದ ಕುಟುಂಬಗಳಿಗೆ ಕಡಮೆ ಬಂಡವಾಳದ ಕಸುಬು ಬೇಕಾಗಿತ್ತು. ಒಂದು ಮೇಜು, ನಾಲ್ಕು ಚೌಕಟ್ಟು, ಒಂದು ನಲ್ಲಿ, ಬೆಳಕಿನ ಒಂದು ಪೆಟ್ಟಿಗೆ, ಇಷ್ಟಿದ್ದರೆ ಈ ಕಸುಬು ತೊಡಗಬಹುದು. ಬೆಳಕಿನ ಪೆಟ್ಟಿಗೆ ಇಲ್ಲದವರಿಗೆ ಸೂರ್ಯನಾರಾಯಣನಿದ್ದಾನೆ, ಮಳೆಗಾಲ ಒಂದನ್ನು ಬಿಟ್ಟು. ಬರಿಯ ಬಟ್ಟೆ ಭಿವಂಡಿಯ ಪವರ್‌ಲೂಮಿನಲ್ಲಿ ಸಿಗುತ್ತದೆ, ಹೊಲಿಗೆಗೆ ಉಲ್ಲಾಸನಗರವಿದೆ, ಕಾಗದ ಬೇಕಾದರೆ ಲೋಕಲ್ ಗಾಡಿ ಹಿಡಿದು ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿಬರಬೇಕು. ಗಿರಾಕಿಗಳು ಥಾಣೆಯಲ್ಲೂ ವಾಶಿಯಲ್ಲೂ ಇದ್ದಾರೆ.

ಈಚೆಗೆ ಈ ಕಸುಬಿಗೆ ಎರಡು ಕಡೆಯಿಂದ ಗಾಳಿ ಬೀಸಿದೆ. ಫ್ಲೆಕ್ಸ್ ಬಂದು ಬಟ್ಟೆಯ ಬ್ಯಾನರನ್ನು ನುಂಗಿತು. ಗಣಕಯಂತ್ರದ ಮುದ್ರಣ ಬಂದು ಒಂದೇ ಒಂದು ಟೀ-ಶರ್ಟನ್ನೂ ಹತ್ತು ಬಣ್ಣದಲ್ಲಿ ಅಚ್ಚು ಹಾಕಿಕೊಡುತ್ತದೆ. ಇದು ಎದುರುಗಾಳಿ. 2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲಗಳ ನಿಷೇಧ ಜಾರಿಯಾಗಿ ಬಟ್ಟೆಯ ಚೀಲಕ್ಕೆ ಬೆಲೆ ಬಂದದ್ದು ಅನುಕೂಲದ ಗಾಳಿ. ಒಂದೆರಡು ಬಣ್ಣ, ನೂರಿನ್ನೂರು ಸಂಖ್ಯೆ, ಒಗೆದರೆ ಮಾಸಬಾರದು ಎನ್ನುವ ಕೆಲಸದಲ್ಲಿ ಇಂದಿಗೂ ಕೈಯ ಸ್ಕ್ರೀನೇ ವಾಸಿ. ಕೈಕೆಲಸವೆಂದರೆ ಅಗ್ಗದ ಕೆಲಸವೆಂದು ತಿಳಿಯಬೇಡಿ. ಚೆನ್ನೈಯ ತಾರಾ ಬುಕ್ಸ್ ಎಂಬ ಪ್ರಕಾಶನದವರು ಗೊಂಡ ಕಲಾವಿದರ ಚಿತ್ರಗಳನ್ನು ಕೈಯಿಂದ ಮಾಡಿದ ಕಾಗದದ ಮೇಲೆ, ಒಂದೊಂದು ಬಣ್ಣವನ್ನೂ ಕೈಯಿಂದ ಎಳೆದು, ಪುಸ್ತಕ ಮಾಡುತ್ತಾರೆ. 2006ರಲ್ಲಿ ಹೊರಟ ಅವರ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಎಂಬ ಪುಸ್ತಕದ ಪ್ರತಿಯೊಂದು ಪ್ರತಿಗೂ ಸಂಖ್ಯೆ ಇದೆ. ಅದು ಹಲವು ದೇಶಗಳಿಗೆ ಹೋಗಿದೆ. ಕೈಗೆ ಬೆಲೆ ಇದೆ. ಆದರೆ ಮೊದಲು ನಮ್ಮ ಕೈಗೆ ನಾವು ಬೆಲೆ ಕಟ್ಟಬೇಕು.

ಇಲ್ಲಿಂದ ನನ್ನ ಮುಖ್ಯ ಮಾತು.

ಗಂಡ-ಹೆಂಡಿರ ಮೇಜಿನ ಬಳಿ ಯಾರು ಏನು ಮಾಡುತ್ತಾರೆಂದು ನೋಡಿ. ಗಿರಾಕಿಗೆ ಕಾಣುವುದು ಸ್ಕ್ವೀಜಿ ಎಳೆಯುವ ಕೈ. ಅದು ಹೆಚ್ಚಾಗಿ ಗಂಡಸಿನದು. ಕಾಣದ ಕೆಲಸಗಳ ಪಟ್ಟಿ ದೊಡ್ಡದು. ಚಿತ್ರ ಬರೆಯುವುದು, ಅಕ್ಷರ ಜೋಡಿಸುವುದು, ಕರಡು ತಿದ್ದುವುದು, ಹಸಿ ಅಚ್ಚನ್ನು ಒಂದಕ್ಕೊಂದು ತಾಗದಂತೆ ಹರಡುವುದು, ಬಟ್ಟೆಯ ಬಣ್ಣ ನಿಲ್ಲುವಂತೆ ಶಾಖ ಕೊಡುವುದು, ಎಣಿಸಿ ಮಡಿಸಿ ಕಟ್ಟುವುದು, ಸ್ಕ್ರೀನು ತೊಳೆಯುವುದು. ಕನ್ನಡದ ಲಗ್ನಪತ್ರಿಕೆಯಾದರಂತೂ ಒತ್ತಕ್ಷರಗಳ ಹೊಟ್ಟೆಯಲ್ಲಿ ಬಣ್ಣ ತುಂಬಿಕೊಳ್ಳದಂತೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ‘ಚಿ.ಸೌ.’ ಎಂಬಲ್ಲಿ ‘ಸೌ’ ಹೋಗಿ ‘ಸೊ’ ಆದರೆ ಮದುವೆಯ ಮನೆಯಲ್ಲಿ ನಮ್ಮ ಹೆಸರು ಕೆಟ್ಟಿತೆಂದೇ ತಿಳಿಯಿರಿ. ಇಷ್ಟೆಲ್ಲ ಮಾಡಿದ ಮೇಲೆ ಗಿರಾಕಿಯ ಫೋನು ಬರುತ್ತದೆ. ನಾನು ತೆಗೆದುಕೊಂಡರೆ, “ಯಜಮಾನರಿಗೆ ಕೊಡಿ” ಎನ್ನುತ್ತಾರೆ. ಯಾವ ಬಣ್ಣಕ್ಕೆ ಯಾವ ಜಾಲರಿ ಎಂದು ಯಜಮಾನರು ನನ್ನನ್ನೇ ಕೇಳಿ ಗಿರಾಕಿಗೆ ಹೇಳುತ್ತಾರೆ. ನಗಬೇಡಿ, ಅವರು ಈ ಸಭೆಯಲ್ಲೇ ಕುಳಿತಿದ್ದಾರೆ!

ಈಗ ಒಂದು ಲೆಕ್ಕ ಮಾಡೋಣ. ದರಗಳು ಊರಿಂದೂರಿಗೆ, ವಾರದಿಂದ ವಾರಕ್ಕೆ ಬೇರೆಯಾಗುತ್ತವೆ. ಆದ್ದರಿಂದ ಇವನ್ನು ಉದಾಹರಣೆಗೆಂದು ಮಾತ್ರ ಹಿಡಿಯಿರಿ. 200 ಬಟ್ಟೆಯ ಚೀಲ, ಎರಡು ಬಣ್ಣ. ಬರಿಯ ಚೀಲಕ್ಕೆ 30 ರೂಪಾಯಿಯಂತೆ 6,000. ಎರಡು ಸ್ಕ್ರೀನಿಗೆ 600. ಬಣ್ಣ ಮತ್ತು ತೊಳೆಯುವ ಸಾಮಾನಿಗೆ 400. ತರುವ-ಒಯ್ಯುವ ಖರ್ಚು 500. ವಿದ್ಯುತ್ತು, ಬಾಡಿಗೆಯ ಪಾಲು 300. ಒಟ್ಟು 7,800 ರೂಪಾಯಿ. ಗಿರಾಕಿಗೆ ಚೀಲಕ್ಕೆ 50ರಂತೆ ಹೇಳಿದೆವು, 10,000 ಬಂತು. 2,200 ಉಳಿಯಿತೆಂದು ಸಂತೋಷಪಟ್ಟೆವು.

ಇನ್ನು ಗಂಟೆಗಳನ್ನು ಎಣಿಸಿ. ಗಂಡ ಸ್ಕ್ರೀನು ಮಾಡಲು 3 ಗಂಟೆ, ಮುದ್ರಿಸಲು 6 ಗಂಟೆ, ತಂದು ಮುಟ್ಟಿಸಲು 4 ಗಂಟೆ, ಒಟ್ಟು 13. ಹೆಂಡತಿ ಚಿತ್ರಕ್ಕೆ 5 ಗಂಟೆ, ಮೇಜಿನ ಇನ್ನೊಂದು ಬದಿಯಲ್ಲಿ ನಿಂತು ಹಾಕಿ-ತೆಗೆಯಲು 6 ಗಂಟೆ, ಶಾಖ ಕೊಟ್ಟು ಎಣಿಸಿ ಕಟ್ಟಲು 5 ಗಂಟೆ, ಸ್ಕ್ರೀನು ತೊಳೆಯಲು 1 ಗಂಟೆ, ಒಟ್ಟು 17. ಗಂಡನ 13 ಗಂಟೆಯನ್ನೇ ಹಿಡಿದರೆ ಗಂಟೆಗೆ ಸುಮಾರು 169 ರೂಪಾಯಿ ಬಿತ್ತು; ಪರವಾಗಿಲ್ಲವೆನಿಸುತ್ತದೆ. ಇಬ್ಬರ 30 ಗಂಟೆ ಹಿಡಿದರೆ 73 ರೂಪಾಯಿ ಚಿಲ್ಲರೆ. ಗಂಟೆಗೆ 100 ರೂಪಾಯಿಯಾದರೂ ಕೂಲಿ ಬೇಕೆಂದು ಇಟ್ಟುಕೊಂಡರೆ ಕೂಲಿಯೇ 3,000 ಆಯಿತು. ಆಗ 200 ಚೀಲದ ಅಸಲು 10,800, ಒಂದು ಚೀಲಕ್ಕೆ 54. ನಾವು ಮಾರಿದ್ದು 50ಕ್ಕೆ. ಲಾಭವೆಂದು ನಾವು ತಿಳಿದದ್ದು ನಿಜವಾಗಿ 800 ರೂಪಾಯಿಯ ನಷ್ಟ. ನೂರಕ್ಕೆ ಹತ್ತು ಲಾಭವೂ ಸೇರಬೇಕಾದರೆ ಹತ್ತಿರ ಹತ್ತಿರ 60 ರೂಪಾಯಿ ಹೇಳಬೇಕಾಗಿತ್ತು.

ಹಾಗಾದರೆ ಗಿರಾಕಿಗೆ ಕೊಟ್ಟ ಆ ರಿಯಾಯಿತಿ ಯಾರ ಕಿಸೆಯಿಂದ ಹೋಯಿತು? ಕಿಸೆಯೇ ಇಲ್ಲದವಳ ಕಿಸೆಯಿಂದ. ಹೆಂಡತಿಯ 17 ಗಂಟೆಯನ್ನು ಬರೆಯದೆ ಬಿಟ್ಟದ್ದರಿಂದಲೇ ಆ ದರ ಅಗ್ಗವಾಗಿ ಕಂಡಿತು. ಇದರಿಂದ ಕೆಡುವುದು ಒಂದು ಮನೆ ಮಾತ್ರವಲ್ಲ. ಪಕ್ಕದ ಗಾಳೆಯಲ್ಲಿ ಇಬ್ಬರು ಆಳುಗಳಿಗೆ ಪಗಾರ ಕೊಟ್ಟು ಕೆಲಸ ನಡೆಸುವವನು ನಮ್ಮ 50 ರೂಪಾಯಿಗೆ ಪೈಪೋಟಿ ಮಾಡಲಾರ. ಅವನು ಆಳುಗಳ ಪಗಾರ ಇಳಿಸುತ್ತಾನೆ. ಮನೆಯ ಹೆಂಗಸಿನ ಪುಕ್ಕಟೆ ದುಡಿಮೆ ಬೀದಿಯ ಕಾರ್ಮಿಕನ ಕೂಲಿಯನ್ನೂ ತಗ್ಗಿಸುತ್ತದೆ. ಆದ್ದರಿಂದ ಇದು ಅಡುಗೆಮನೆಯ ಮಾತಲ್ಲ, ಸಂಘದ ಮಾತು.

ಸರ್ಕಾರದ ಉದ್ಯೋಗ ಸಮೀಕ್ಷೆಯಲ್ಲಿ ಇಂಥವರಿಗೆ ಒಂದು ವರ್ಗವೇ ಇದೆ: ಮನೆಯ ಉದ್ಯಮದಲ್ಲಿ ಕೂಲಿಯಿಲ್ಲದ ಸಹಾಯಕರು. ದುಡಿಯುವ ಗಂಡಸರಲ್ಲಿ ಈ ವರ್ಗದವರು ಎಷ್ಟೋ, ದುಡಿಯುವ ಹೆಂಗಸರಲ್ಲಿ ಅದಕ್ಕಿಂತ ಬಹಳ ಹೆಚ್ಚು. ‘ಸಹಾಯಕ’ ಎಂಬ ಶಬ್ದವನ್ನು ಕೇಳಿದಿರಷ್ಟೆ? 30 ಗಂಟೆಯಲ್ಲಿ 17 ಗಂಟೆ ದುಡಿದವಳು ಸಹಾಯಕಿ!

ಇದು ಬಡವರ ಮನೆಯ ಕಥೆ ಮಾತ್ರ ಎಂದೂ ತಿಳಿಯಬೇಡಿ. 1958ರಲ್ಲಿ ಭಾರತ ಸರ್ಕಾರದ ಆಮಂತ್ರಣದ ಮೇಲೆ ಅಮೆರಿಕದಿಂದ ಒಂದು ದಂಪತಿ ಬಂದು ನಮ್ಮ ದೇಶವನ್ನು ಸುತ್ತಿ, ನಮ್ಮ ಲೋಟಾ-ಚೊಂಬಿನ ಆಕಾರವನ್ನು ಹಾಡಿಹೊಗಳಿ, ವಿನ್ಯಾಸದ ಶಿಕ್ಷಣ ಹೇಗಿರಬೇಕೆಂದು ವರದಿ ಬರೆದರು. ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂದು ಅವರ ಹೆಸರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ವರದಿಯ ಮೇಲೆ ಇಬ್ಬರ ಹೆಸರೂ ಇದೆ. ಆದರೂ ಅವರಿಬ್ಬರೂ ಸೇರಿ ಮಾಡಿದ ಕುರ್ಚಿ-ಮೇಜುಗಳ ಕೀರ್ತಿಯನ್ನು ಜಗತ್ತು ಬಹುಕಾಲ ಗಂಡನಿಗೊಬ್ಬನಿಗೇ ಕಟ್ಟಿತು. ರೇ ಸ್ವತಃ ಚಿತ್ರಕಲಾವಿದೆ. ಅಷ್ಟು ದೊಡ್ಡವರ ಮನೆಯಲ್ಲೇ ಹೀಗಾದರೆ ಡೊಂಬಿವಲಿಯ ಎರಡನೆಯ ಮಹಡಿಯ ಮೇಜಿನ ಮಾತೇನು?

ನಮ್ಮ ಗಂಡಸರು ಒಂದು ಪ್ರಶ್ನೆ ಕೇಳುತ್ತಾರೆ: “ಒಂದೇ ಒಲೆ, ಒಂದೇ ಗಂಟು. ಅದರಲ್ಲಿ ನಿನ್ನದೇನು, ನನ್ನದೇನು?” ಮಾತು ಚೆನ್ನಾಗಿದೆ, ಪ್ರೀತಿಯಿಂದಲೇ ಹೇಳುತ್ತಾರೆ. ನಾನೂ ಒಲೆಯನ್ನು ಎರಡು ಮಾಡಿರೆಂದು ಹೇಳುತ್ತಿಲ್ಲ. ಆದರೆ ಬ್ಯಾಂಕಿನವನಿಗೆ ಒಲೆ ಕಾಣುವುದಿಲ್ಲ, ಕಾಗದ ಕಾಣುತ್ತದೆ. ಸಾಲ ಕೇಳುವಾಗ, ಕಾಯಿಲೆ ಬಂದಾಗ, ದೇವರು ಹಾಗೆ ಮಾಡದಿರಲಿ, ಒಬ್ಬರು ಇಲ್ಲವಾದಾಗ, ಮಾತನಾಡುವುದು ಕಾಗದವೇ. ಇಪ್ಪತ್ತು ವರ್ಷ ಮೇಜಿನ ಬಳಿ ನಿಂತವಳು ಆಗ ‘ಮೃತರ ಪತ್ನಿ’ ಆಗುತ್ತಾಳೆಯೇ ಹೊರತು ಕಸುಬಿನ ಪಾಲುದಾರಳಾಗುವುದಿಲ್ಲ. ಗಿರಣಿಯಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಬರೆಯದೆ ದುಡಿಸಿಕೊಂಡರೆ ನಾವು ಬಾಗಿಲಲ್ಲಿ ನಿಂತು ಘೋಷಣೆ ಕೂಗಿದವರು. ಮನೆಯ ಹಾಜರಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬೇಕು.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಮೊದಲನೆಯದು, ಲೆಕ್ಕದ ಪುಸ್ತಕದಲ್ಲಿ ಎರಡು ಕೂಲಿಯ ಕಲಮು. ದರ ಹೇಳುವ ಮುಂಚೆ ಇಬ್ಬರ ಗಂಟೆಯನ್ನೂ ಬರೆಯಿರಿ. ಎರಡನೆಯದು, ಪಾಲುದಾರಿಕೆಯ ಪತ್ರ. ಗಂಡ-ಹೆಂಡಿರು 1932ರ ಪಾಲುದಾರಿಕೆ ಕಾಯಿದೆಯಂತೆ ಪಾಲುದಾರರಾಗಬಹುದು. ಯಾರದು ಎಷ್ಟು ಪಾಲೆಂದು ಅದರಲ್ಲಿ ಬರೆದಿರುತ್ತದೆ. ಪತ್ರವನ್ನು ರಿಜಿಸ್ಟರ್ ಮಾಡಿಸಲೇಬೇಕೆಂದು ಕಡ್ಡಾಯವಿಲ್ಲ. ಆದರೆ ಮಾಡಿಸದ ಸಂಸ್ಥೆಯವರು ಹಣ ಕೊಡದ ಗಿರಾಕಿಯ ಮೇಲೆ ಕರಾರಿನ ದಾವೆ ಹೂಡಲಾರರು. ಆದ್ದರಿಂದ ಮಾಡಿಸುವುದೇ ಜಾಣತನ. ಮೂರನೆಯದು, ‘ಉದ್ಯಮ್’ ನೋಂದಣಿ. 2020ರ ಜುಲೈ 1ರಿಂದ ನಡೆದಿರುವ ಈ ನೋಂದಣಿಗೆ ಸರ್ಕಾರ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ. ಮಾಡಿಸಿಕೊಡುತ್ತೇನೆಂದು ಹಣ ಕೇಳುವವರು ದಲ್ಲಾಳಿಗಳು.

ಈ ನೋಂದಣಿಯ ಒಂದು ಪ್ರಯೋಜನ ಹೇಳುತ್ತೇನೆ. ಒಂದು ಕಂಪನಿ, ಹೆಸರು ಬೇಡ, ನಮ್ಮಿಂದ ಸಮಾರಂಭಕ್ಕೆಂದು ಚೀಲ ಮಾಡಿಸಿಕೊಂಡಿತು. ಸಮಾರಂಭ ಆಯಿತು, ಹಾರ-ತುರಾಯಿ ಆಯಿತು, ಹಣ ಮಾತ್ರ ನಾಲ್ಕು ತಿಂಗಳು ಬರಲಿಲ್ಲ. ಕೇಳಿದಾಗಲೆಲ್ಲ “ಬಿಲ್ಲು ಮೇಲಕ್ಕೆ ಹೋಗಿದೆ” ಎಂಬ ಉತ್ತರ. ಎಷ್ಟು ಮೇಲಕ್ಕೆ ಹೋಗಿತ್ತೋ ತಿಳಿಯದು! ಸಣ್ಣ ಉದ್ದಿಮೆಗಳ 2006ರ ಕಾಯಿದೆಯ ಪ್ರಕಾರ ಲಿಖಿತ ಕರಾರು ಇಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನಗಳಲ್ಲಿ ಹಣ ಕೊಡಬೇಕು. ಕರಾರು ಇದ್ದರೂ 45 ದಿನ ಮೀರಕೂಡದು. ಮೀರಿದರೆ ರಿಜರ್ವ್ ಬ್ಯಾಂಕಿನ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ತಲೆಯ ಮೇಲೆ ಅಚ್ಚು ಹಾಕಿ. ಅಚ್ಚು ಹಾಕುವುದು ನಮಗೆ ಬರುತ್ತದಷ್ಟೆ? ಅರ್ಧ ಹಣ ಮುಂಗಡ ಕೇಳುವುದಕ್ಕೂ ನಾಚಬೇಡಿ. ಬರಿಯ ಚೀಲ ಮಾರುವವನು ನಮಗೆ ಸಾಲ ಕೊಡುವುದಿಲ್ಲ.

ಸರ್ಕಾರದವರಿಗೂ ಒಂದು ಮಾತು ಹೋಗಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ಸಿಂಪಿಗ, ಹಾರ ಕಟ್ಟುವವರು ಎಲ್ಲರೂ ಇದ್ದಾರೆ, ಇರಲೇಬೇಕು. ಸ್ಕ್ರೀನ್ ಮುದ್ರಕರು ಇಲ್ಲ. ಕೈಯಿಂದ ದುಡಿಯುವ ಹೊಸ ಕಸುಬುಗಳೂ ಕಸುಬುಗಳೇ ಎಂದು ಸಂಘದಿಂದ ಮನವಿ ಹೋಗಲಿ.

ಇನ್ನೊಂದು ಲೆಕ್ಕ ಹಣದ್ದಲ್ಲ, ಮೈಯದು. ಹಳೆಯ ಲೇಪಗಳಲ್ಲಿ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಉಪ್ಪು ಇರುತ್ತದೆ. ಅದು ಚರ್ಮವನ್ನು ಹುಣ್ಣು ಮಾಡುತ್ತದೆ, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿಯೂ ಸೇರಿದೆ. ಅದಿಲ್ಲದ ಡಯಾಜೋ ಲೇಪ ಪೇಟೆಯಲ್ಲಿ ಸಿಗುತ್ತದೆ. ಬೆಲೆ ತುಸು ಹೆಚ್ಚಾದರೂ ಅದನ್ನೇ ತನ್ನಿ. ಥಿನ್ನರಿನ ಹೊಗೆ ತಲೆನೋವಿನಿಂದ ತೊಡಗಿ ನರಗಳನ್ನು ಕೆಡಿಸುವವರೆಗೆ ಹೋಗುತ್ತದೆ, ಬೆಂಕಿಗೂ ಬೇಗ ತುತ್ತಾಗುತ್ತದೆ. ನಮ್ಮಲ್ಲಿ ಅನೇಕರು ಸ್ಕ್ರೀನು ತೊಳೆಯುವುದು ಎಲ್ಲಿ? ಪಾತ್ರೆ ತೊಳೆಯುವ ನಲ್ಲಿಯಲ್ಲಿ. ಥಿನ್ನರಿನ ಡಬ್ಬಿ ಇಡುವುದು ಎಲ್ಲಿ? ಗ್ಯಾಸಿನ ಒಲೆಯ ಬದಿಯಲ್ಲಿ. ಡೊಂಬಿವಲಿಯಲ್ಲಿ 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ಆದ ಸ್ಫೋಟಗಳಲ್ಲಿ ಕಿಟಕಿಯ ಗಾಜು ಎಷ್ಟು ದೂರದವರೆಗೆ ಒಡೆಯಿತೆಂದು ನೋಡಿದವರು ನಾವು. ಕಾರ್ಖಾನೆಯವರು ಜಾಗರೂಕರಾಗಿರಲಿ ಎಂದು ಕೇಳುವ ನಾವು ನಮ್ಮ ಅಡುಗೆಮನೆಯನ್ನೇ ರಾಸಾಯನಿಕದ ಕೋಠಿ ಮಾಡಬಾರದು. ಕೈಗೆ ರಬ್ಬರ್ ಗವಸು, ಕಿಟಕಿಗೆ ಗಾಳಿ ಹೊರಹಾಕುವ ಫ್ಯಾನು, ಸಾಧ್ಯವಾದಲ್ಲೆಲ್ಲ ನೀರಿನಲ್ಲಿ ಕಲಸುವ ಬಣ್ಣ. ಇವುಗಳ ಖರ್ಚನ್ನೂ ಚೀಲದ ದರದಲ್ಲಿ ಸೇರಿಸಿ.

ಕೊನೆಗೆ ಸಂಘಕ್ಕೆ ನನ್ನ ಮೂರು ಬೇಡಿಕೆ. ತಿಂಗಳಿಗೊಂದು ಭಾನುವಾರ ಮನೆಕಸುಬಿನವರಿಗೆ ಲೆಕ್ಕ ಬರೆಯುವ ಪಾಠ ನಡೆಯಲಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಪರಂಪರೆ ಮುಂಬಯಿ ಕನ್ನಡಿಗರದು, ನಮಗೆ ಇದು ಹೊಸತಲ್ಲ. ಹತ್ತು ಮನೆಯವರು ಸೇರಿ ಬಾಡಿಗೆ ಕೊಡುವಂತೆ, ಸ್ಕ್ರೀನು ತೊಳೆಯಲು, ಒಣಗಿಸಲು ಒಂದು ಗಾಳೆ ಗೊತ್ತುಮಾಡಲು ಸಂಘ ಮುಂದಾಗಲಿ. ಮೂರನೆಯದನ್ನು ಸ್ವಲ್ಪ ಸಂಕೋಚದಿಂದ ಹೇಳುತ್ತೇನೆ: ಸಂಘದ ವಾರ್ಷಿಕೋತ್ಸವಕ್ಕೆ ಬ್ಯಾಡ್ಜು, ಚೀಲ ಮಾಡಿಸುವಾಗ “ನೀವು ನಮ್ಮವರೇ ತಾನೇ, ಸ್ವಲ್ಪ ಕಡಮೆ ಮಾಡಿಕೊಳ್ಳಿ” ಎಂದು ಕೇಳುವುದನ್ನು ಬಿಡಿ. ನಮ್ಮವರೆಂಬ ಕಾರಣಕ್ಕೇ ಪೂರ್ಣ ಕೂಲಿ ಕೊಡಬೇಕು.

ನಮ್ಮ ಮನೆಯ ಬಿಲ್ಲಿನ ಪುಸ್ತಕದಲ್ಲಿ ಈಗ ಎರಡು ಹೆಸರಿವೆ. ಮೊದಲ ಬಿಲ್ಲು ಹೋದಾಗ ಒಬ್ಬ ಗಿರಾಕಿ, “ಇವರು ಯಾರು, ಹೊಸ ಪಾಲುದಾರರೇ?” ಎಂದು ಕೇಳಿದರು. “ಹಳಬರೇ, ಹೆಸರು ಮಾತ್ರ ಈಗ ಅಚ್ಚಾಯಿತು” ಎಂದು ನಮ್ಮ ಮನೆಯವರು ಉತ್ತರ ಕೊಟ್ಟರು. ನಿಮ್ಮಲ್ಲಿ ಹೀಗೆ ಕಸುಬು ನಡೆಸುವವರು ಎಷ್ಟು ಮನೆಗಳಿದ್ದೀರೋ, ಬರುವ ದೀಪಾವಳಿಯ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಮುಂಚೆ ಅದರಲ್ಲಿ ಎರಡು ಕಲಮು ಎಳೆಯಿರಿ.